ಗೊಂಬೆಗೆ ಜೋಜೋ

ಊರಿಗೆ ಹೋಗ್ತಾ ಚನ್ನಪಟ್ಟಣದಲ್ಲಿ ಕಾರು ನಿಲ್ಲಿಸಿದೆ. ಎರಡು ವರ್ಷದ ಮಗ ಮರದ ಲಾರಿ, ರೈಲು ಎಲ್ಲ ಬಿಟ್ಟು ಒಂದು ಗೊಂಬೆ ಎತ್ಕೊಂಡ. ಆಲೆ ಮರದ್ದು, ಮೇಲೆ ಅರಗಿನ ಬಣ್ಣ. ಕೊಡಿಸಿದೆ.

ಅಪ್ಪ ನೋಡಿದವರೇ, "ಗಂಡ್ಮಗೀಗೆ ಗೊಂಬೆ ಯಾಕ್ಲಾ? ಒಂದು ಟ್ರ್ಯಾಕ್ಟರ್ ಸಿಗ್ನಿಲ್ವಾ?" ಅಂದ್ರು. ನಾನು ಮಾತಾಡಲಿಲ್ಲ. ಅಪ್ಪ ನನ್ನನ್ನು ಎತ್ತಿಕೊಂಡ ನೆನಪೇ ನನಗಿಲ್ಲ. ಅದು ಹೆಂಗಸರ ಕೆಲಸ ಅನ್ನೋ ಕಾಲ.

ಸಂಜೆ ಜಗಲಿ ಮೇಲೆ ಮಗ ಗೊಂಬೆಯನ್ನ ಹೆಗಲಿಗೆ ಹಾಕ್ಕೊಂಡು, ಬೆನ್ನು ತಟ್ಟುತ್ತಾ ಓಡಾಡ್ತಿದ್ದ. ಇನ್ನೊಂದು ಕೈ ಕಿವಿ ಹತ್ರ. "ಹಲೋ... ಜೋಜೋ... ಹಲೋ..." ಆಫೀಸ್ ಕಾಲ್ ಮಧ್ಯೆ ನಾನು ಅವನನ್ನು ಮಲಗಿಸೋದು ಥೇಟ್ ಹಿಂಗೇ! ಹೆಂಡತಿ ಬಿದ್ದು ಬಿದ್ದು ನಕ್ಕಳು.

ಅಪ್ಪ ನಗಲಿಲ್ಲ. ಸುಮಾರು ಹೊತ್ತು ನೋಡ್ತಾ ಕೂತಿದ್ದು, "ಕತ್ತು ಹಿಡ್ಕೊಳ್ಲಾ ಮಗಾ, ಬಿದ್ದೋಯ್ತದೆ" ಅಂದ್ರು.