ಕೈಯಿಂದ ಕಳಚಿಟ್ಟ ಗಡಿಯಾರ

ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರು ತಮಗೆ ತೋಚಿದ ಏನನ್ನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯವರು ಪತ್ರ ಬರೆದಾಗ ನನ್ನ ಎಡಗೈ ಪ್ಲಾಸ್ಟರಿನ ಕಟ್ಟಿನಲ್ಲಿದ್ದಿತು. ಬರೆಯುವುದು ಬಲಗೈಯಾದುದರಿಂದ ನೆಪವೊಡ್ಡಲು ಮಾರ್ಗವಿಲ್ಲದೆ ಹೋಯಿತು. ಶಾಲೆಯನ್ನು ಬಿಟ್ಟು ಐವತ್ತೈದು ವರ್ಷಗಳಾದವಳಿಗೆ ಚಿಕ್ಕವರಿಗೆ ಬುದ್ಧಿ ಹೇಳುವ ಚಪಲ ಇಲ್ಲದಿಲ್ಲ. ಆದರೆ ಅದನ್ನು ಈ ಸಾರಿ ಬದಿಗಿರಿಸಿ, ಆ ಕೈ ಮುರಿದ ಕಥೆಯನ್ನೂ, ಮುರಿಯುವ ಹೊತ್ತಿನಲ್ಲಿ ಆ ಕೈಯ ಮೇಲೆ ಇರಬೇಕಾಗಿದ್ದು ಇಲ್ಲದೆ ಹೋದ ಗಡಿಯಾರದ ಕಥೆಯನ್ನೂ ಬರೆಯುವೆನು.

ನಾನು ಮೂವತ್ತೆಂಟು ವರ್ಷಗಳ ಕಾಲ ದಾದಿಯಾಗಿ ದುಡಿದವಳು. ದಾದಿಗೆ ಗಡಿಯಾರವು ಒಡವೆಯಲ್ಲ. ಉಷ್ಣಮಾಪಕದಂತೆ, ಕತ್ತರಿಯಂತೆ, ಅದೊಂದು ಉಪಕರಣ. ತರಬೇತಿಯ ದಿನಗಳಲ್ಲಿ ಅದನ್ನು ಮಣಿಕಟ್ಟಿಗೆ ಕಟ್ಟಲು ನಮಗೆ ಅಪ್ಪಣೆಯಿರಲಿಲ್ಲ. ಕೈ ತೊಳೆಯುವುದಕ್ಕೆ ಅಡ್ಡಿಯೆಂದೂ, ರೋಗಿಯ ಮೈಗೆ ತಗಲಿದರೆ ನೋವೆಂದೂ, ಎದೆಯ ಮೇಲೆ ಪಿನ್ನಿನಿಂದ ತೂಗುಹಾಕುತ್ತಿದ್ದೆವು. ಆ ಗಡಿಯಾರದ ಮುಖವನ್ನು ತಲೆಕೆಳಗಾಗಿ ಕೂಡಿಸಿದ್ದರು. ಇದಿರಿಗೆ ನಿಂತವರಿಗೆ ೧೨ ಕೆಳಗೆ, ೬ ಮೇಲೆ. ಧರಿಸಿದವಳು ತಲೆ ತಗ್ಗಿಸಿದರೆ ಎಲ್ಲವೂ ನೆಟ್ಟಗೆ. ಯಾರಿಗಾಗಿ ಮಾಡಿದ ವಸ್ತುವೆಂಬುದು ನೋಡಿದೊಡನೆಯೇ ತಿಳಿಯುವಂತಿದ್ದಿತು.

ಕೆಲಸ ಸಿಕ್ಕಿದ ಮೇಲೆ, ೧೯೭೩ರಲ್ಲಿ, ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಎಚ್.ಎಂ.ಟಿ. ಕೈಗಡಿಯಾರವನ್ನು ಕೊಂಡೆನು. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ೧೯೬೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಗಡಿಯಾರವನ್ನು ಕೈಗೆ ಕಟ್ಟುವುದೆಂದರೆ ಆಗ ಸಣ್ಣ ಹೆಮ್ಮೆಯಾಗಿರಲಿಲ್ಲ. ಅದರ ನೀಳವಾದ ಸೆಕೆಂಡಿನ ಮುಳ್ಳನ್ನು ನೋಡುತ್ತ ನಾನು ಎಷ್ಟು ಜನರ ನಾಡಿಯನ್ನು ಎಣಿಸಿದೆನೋ ಲೆಕ್ಕವಿಲ್ಲ. ಗಡಿಯಾರ ಹಿಡಿದು ನಾಡಿಯನ್ನೆಣಿಸುವ ಪದ್ಧತಿಯೂ ನಾವು ತಿಳಿದಷ್ಟು ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಸರ್ ಜಾನ್ ಫ್ಲಾಯರ್ ಎಂಬ ವೈದ್ಯರು ೧೭೦೭ರಲ್ಲಿ ಈ ವಿಷಯವಾಗಿ ಪುಸ್ತಕವನ್ನೇ ಪ್ರಕಟಿಸಿದರು; ಒಂದೇ ಒಂದು ನಿಮಿಷ ನಡೆದು ನಿಲ್ಲುವ ಗಡಿಯಾರವನ್ನೂ ಇದಕ್ಕೆಂದೇ ಮಾಡಿಸಿದರು. ನನ್ನ ಎಚ್.ಎಂ.ಟಿ.ಗೆ ದಿನಕ್ಕೊಮ್ಮೆ ಕೀಲಿ ಕೊಡಬೇಕಾಗಿದ್ದಿತು. ರಾತ್ರಿ ಒಂಬತ್ತಕ್ಕೆ ಬಿಚ್ಚಿ, ಅರ್ಧ ನಿಮಿಷ ತಿರುಗಿಸಿ, ಮರಳಿ ಕಟ್ಟಿಕೊಳ್ಳುತ್ತಿದ್ದೆನು. ಈ ಅರ್ಧ ನಿಮಿಷವನ್ನು ಓದುಗರು ನೆನಪಿನಲ್ಲಿಡಬೇಕು.

ವಿದೇಶದಲ್ಲಿರುವ ನನ್ನ ತಂಗಿಯ ಮಗಳು ೨೦೨೨ರಲ್ಲಿ ರಜೆಗೆ ಬಂದಾಗ ನನಗೊಂದು ಸ್ಮಾರ್ಟ್‌ವಾಚನ್ನು ತಂದುಕೊಟ್ಟಳು. "ದೊಡ್ಡಮ್ಮ, ನೀವು ಒಬ್ಬರೇ ಇರುವಿರಿ. ಬಿದ್ದರೆ ಇದು ತಾನಾಗಿಯೇ ನಮಗೆ ತಿಳಿಸುವುದು" ಎಂದಳು. ಯಾವ ಕಂಪೆನಿಯದೆಂದು ಹೇಳುವುದು ಬೇಡ. ಹೆಚ್ಚುಕಡಮೆ ಎಲ್ಲವೂ ಒಂದೇ ದಾರಿ ಹಿಡಿದವು. ಮೊದಲ ದಿನವೇ ಅದನ್ನು ಪರೀಕ್ಷೆಗೆ ಗುರಿಪಡಿಸಿದೆನು. ಅದರ ಬೆನ್ನಿನಿಂದ ಹಸುರು ಬೆಳಕು ಚರ್ಮದ ಮೇಲೆ ಮಿನುಗುತ್ತದೆ. ರಕ್ತವು ಹಸುರನ್ನು ಹೀರಿಕೊಳ್ಳುವುದರಿಂದ, ನಾಡಿ ಬಡಿದಾಗಲೆಲ್ಲ ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನೇ ಯಂತ್ರವು ಎಣಿಸುತ್ತದೆ. ಎಚ್.ಎಂ.ಟಿ. ಹಿಡಿದು ಎಣಿಸಿದಾಗ ನನಗೆ ೭೨ ಬಂದಿತು. ಅದು ೭೩ ಎಂದಿತು. ಅಂದಿನಿಂದ ಅದರ ಮೇಲೆ ನನಗೆ ಗೌರವವುಂಟಾಯಿತು.

ನನ್ನ ತಂಗಿಯ ಮಗಳು ಇಂತಹ ಯಂತ್ರಗಳಿಗೆ ತಂತ್ರಾಂಶ ಬರೆಯುವ ಉದ್ಯೋಗದಲ್ಲಿರುವವಳು. ಇವುಗಳನ್ನು ಮಾಡುವವರೊಳಗಿನ ಸ್ಪರ್ಧೆಯ ಇತಿಹಾಸವನ್ನು ಅವಳು ಹೇಳತೊಡಗಿದರೆ ಕುರುಕ್ಷೇತ್ರದ ಕಥೆ ಕೇಳಿದಂತಾಗುವುದು. ಅದರಲ್ಲಿ ನನ್ನ ಮನಸ್ಸಿಗೆ ಹಿಡಿದುದು ಸೋತವನ ಕಥೆ. ಎರಿಕ್ ಮಿಜಿಕೋವ್ಸ್ಕಿ ಎಂಬ ಕೆನಡಾದ ತರುಣನು ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಓದುತ್ತಿದ್ದಾಗ, ಸೈಕಲ್ ತುಳಿಯುತ್ತ ಫೋನನ್ನು ನೋಡುವುದು ಹೇಗೆಂದು ಯೋಚಿಸಿದನಂತೆ. ಆ ಯೋಚನೆಯು ಬೆಳೆದು 'ಪೆಬಲ್' ಎಂಬ ಗಡಿಯಾರವಾಯಿತು. ೨೦೧೨ರ ಏಪ್ರಿಲಿನಲ್ಲಿ ಕಿಕ್‌ಸ್ಟಾರ್ಟರ್ ತಾಣದಲ್ಲಿ ಒಂದು ಲಕ್ಷ ಡಾಲರು ಬೇಕೆಂದು ಅವನು ಜನರನ್ನು ಕೇಳಿದರೆ, ಸುಮಾರು ೬೯ ಸಾವಿರ ಮಂದಿ ಸೇರಿ ಒಂದು ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟರು. ಪೆಬಲ್ಲಿನ ಮುಖವು ಕಪ್ಪು ಬಿಳುಪು. ಅದು ತಾನು ಹೊಳೆಯುವುದಿಲ್ಲ. ಬಿದ್ದ ಬೆಳಕನ್ನೇ ಕಾಗದದಂತೆ ಹಿಂದಿರುಗಿಸುತ್ತದೆ. ಆದುದರಿಂದ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುವುದು, ಎಂದೂ ಆರದು, ಒಮ್ಮೆ ವಿದ್ಯುತ್ತನ್ನು ತುಂಬಿದರೆ ಐದಾರು ದಿನ ನಡೆಯುವುದು. ಗಾಜನ್ನು ಮುಟ್ಟಿ ನಡೆಸುವ ಏರ್ಪಾಡಿಲ್ಲ. ನಾಲ್ಕು ಗುಂಡಿಗಳು, ಅಷ್ಟೆ. ಗುಂಡಿಯೆಂದರೆ ನಗುವವರಿದ್ದಾರೆ. ಒದ್ದೆ ಕೈಯಿಂದ ಕೆಲಸಮಾಡಿದವರು ನಗಲಾರರು.

ಆ್ಯಪಲ್ ಕಂಪೆನಿಯವರು ೨೦೧೫ರ ಏಪ್ರಿಲಿನಲ್ಲಿ ಇದಿರು ದಾರಿಯನ್ನು ಹಿಡಿದರು. ಸಾವಿರಾರು ಬಣ್ಣಗಳಿಂದ ಬೆಳಗುವ ಮುಖ, ಮುಟ್ಟಿದರೆ ಓಗೊಡುವ ಗಾಜು. ಬೆರಳು ಆ ಚಿಕ್ಕ ಮುಖವನ್ನೇ ಮುಚ್ಚಿಬಿಡುವುದೆಂದು, ಹಳೆಯ ಗಡಿಯಾರದ ಕೀಲಿಯ ತಿರುಪನ್ನೇ ಪಕ್ಕದಲ್ಲಿರಿಸಿ ಅದರಿಂದ ಬರಹವನ್ನು ಸರಿಸುವಂತೆ ಮಾಡಿದರು. ಇದು ಜಾಣತನವೆಂದು ಒಪ್ಪಬೇಕು. ಹದಿನೆಂಟು ಕ್ಯಾರೆಟ್ ಚಿನ್ನದ ಮಾದರಿಯನ್ನು ಹತ್ತು ಸಾವಿರ ಡಾಲರಿಗೂ ಮೇಲಿನ ಬೆಲೆಗೆ ಮಾರಲು ಹೊರಟು ಮರು ವರ್ಷವೇ ಕೈಬಿಟ್ಟದ್ದು ಯಾವ ತನವೋ ನಾನರಿಯೆ. ಈ ವೈಭವಕ್ಕೆಲ್ಲ ತೆತ್ತ ಬೆಲೆಯೆಂದರೆ ಹದಿನೆಂಟು ಗಂಟೆ: ಅಷ್ಟರಲ್ಲಿ ವಿದ್ಯುತ್ತು ತೀರುವುದೆಂದು ಕಂಪೆನಿಯೇ ಹೇಳಿದ್ದಿತು. ಅದನ್ನು ಉಳಿಸುವುದಕ್ಕಾಗಿ, ಕೈಯನ್ನು ಎತ್ತುವವರೆಗೂ ಮುಖವು ಕತ್ತಲೆಯಾಗಿರುತ್ತಿದ್ದಿತು. ಸದಾ ಕಾಣುವ ಮುಖವು ಬಂದುದು ೨೦೧೯ರಲ್ಲಿ. ರೋಗಿಯ ಮಣಿಕಟ್ಟನ್ನು ಹಿಡಿದು ಕುಳಿತ ದಾದಿಯು ಗಂಟೆ ನೋಡಲು ಕೈಯನ್ನು ಹೇಗೆ ಎತ್ತಬೇಕು?

ದುಂಡೋ ಚೌಕವೋ ಎಂಬ ಜಗಳವು ಬೇರೆ. ಗಡಿಯಾರವೆಂದರೆ ದುಂಡಗಿರಬೇಕೆಂದು ಮೋಟೊರೋಲಾದವರು ೨೦೧೪ರಲ್ಲಿ ದುಂಡನೆಯದನ್ನು ಮಾಡಿದರು. ಆದರೆ ಬೆಳಕನ್ನು ಅಳೆಯುವ ಸಾಧನಕ್ಕೆ ಎಡೆಬೇಕಾಗಿ ವೃತ್ತದ ಕೆಳತುದಿ ಕಪ್ಪಗೆ ಕತ್ತರಿಸಿಹೋಯಿತು. ಗಾಳಿ ಇಳಿದ ಚಕ್ರವೆಂದು ಜನರು ಹಾಸ್ಯಮಾಡಿದರು. ಮಾರನೆಯ ವರ್ಷ ಸ್ಯಾಮ್ಸಂಗ್ ಕಂಪೆನಿಯವರು ದುಂಡು ಮುಖದ ಸುತ್ತಲಿನ ಬಳೆಯೇ ತಿರುಗುವಂತೆ ಮಾಡಿ ಈ ಅಂದಕ್ಕೊಂದು ಉಪಯೋಗವನ್ನು ಕಲ್ಪಿಸಿದರು. ನನಗೆ ಹಿಡಿಸಿದ ಉಪಾಯವದು. ಬೆರಳು ನಡುಗುವವರಿಗೂ ಬಳೆಯನ್ನು ತಿರುಗಿಸಲು ಬರುವುದು. ಇನ್ನು ಗಾರ್ಮಿನ್ ಕಂಪೆನಿಯವರು ಓಟಗಾರರಿಗಾಗಿ, ಬೆಟ್ಟ ಹತ್ತುವವರಿಗಾಗಿ ಐದು ಗುಂಡಿಗಳ, ವಾರಗಟ್ಟಲೆ ನಡೆಯುವ ಗಡಿಯಾರಗಳನ್ನು ಮಾಡಿ ತಮ್ಮ ಮೂಲೆಯಲ್ಲಿ ಭದ್ರವಾಗಿ ನಿಂತರು.

ಪೆಬಲ್ ಮಾತ್ರ ನಿಲ್ಲಲಿಲ್ಲ. ೨೦೧೬ರ ಡಿಸೆಂಬರಿನಲ್ಲಿ ಅದರ ಆಸ್ತಿಯನ್ನು ಫಿಟ್‌ಬಿಟ್ ಕೊಂಡಿತು. ಫಿಟ್‌ಬಿಟ್ಟನ್ನು ೨೦೨೧ರಲ್ಲಿ ಗೂಗಲ್ ನುಂಗಿತು. ನಮ್ಮ ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರವು ಒಪ್ಪಿದುದೂ ಅದೇ ೨೦೧೬ರ ಜನವರಿಯಲ್ಲಿ. ಬೆಳಗುವ ಮುಖವು ಗೆದ್ದಿತು. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟರೆ ಯಾರ ಕಣ್ಣೂ ಬಣ್ಣದ ಕಡೆಗೇ ಹೋಗುವುದು. ಐದು ದಿನ ನಡೆಯುವ ಗುಣವು ಅಂಗಡಿಯ ದೀಪದಲ್ಲಿ ಕಾಣುವ ವಸ್ತುವಲ್ಲ.

ಬಿದ್ದವರನ್ನು ಗುರುತಿಸುವ ಏರ್ಪಾಡನ್ನು ಆ್ಯಪಲ್ ೨೦೧೮ರಲ್ಲಿ ತಂದಿತು. ಸ್ಯಾಮ್ಸಂಗ್, ಗೂಗಲ್ ಕಂಪೆನಿಗಳು ಹಿಂಬಾಲಿಸಿದುವು. ಕೈ ಒಮ್ಮೆಗೆ ಕೆಳಕ್ಕೆ ಬಂದು, ಏಟು ತಗಲಿ, ಬಳಿಕ ಸುಮಾರು ಒಂದು ನಿಮಿಷ ಅಲುಗದಿದ್ದರೆ ಯಂತ್ರವು ಸಹಾಯಕ್ಕಾಗಿ ಕರೆಯುತ್ತದೆ. ವಯಸ್ಸು ೫೫ ಮೀರಿತೆಂದು ಬರೆದುಕೊಂಡಿದ್ದರೆ ಆ್ಯಪಲ್ಲಿನ ಗಡಿಯಾರದಲ್ಲಿ ಇದು ತಾನಾಗಿಯೇ ಜಾರಿಯಲ್ಲಿರುವುದು. ನಮ್ಮಂತಹ ಮುದುಕಿಯರನ್ನು ಅವರು ಮರೆತಿಲ್ಲವೆಂದು ನಾನು ಸಂತೋಷಪಟ್ಟಿದ್ದೆನು.

೨೦೨೫ರ ಜುಲೈ ತಿಂಗಳ ಒಂದು ಮಳೆಯ ರಾತ್ರಿ, ಎರಡು ಗಂಟೆಯಾಗಿರಬಹುದು, ಬಚ್ಚಲ ಮನೆಗೆ ಹೋದವಳು ಜಾರಿಬಿದ್ದೆನು. ಎಡಗೈಯನ್ನು ಊರಿದುದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಸೊಂಟಕ್ಕೂ ಪೆಟ್ಟಾಗಿ ಏಳಲಾಗಲಿಲ್ಲ. ಗಡಿಯಾರವೆಲ್ಲಿದ್ದಿತು? ಪ್ರತಿ ರಾತ್ರಿಯಂತೆ, ಮಲಗುವ ಮುಂಚೆ ನಾನೇ ಕಳಚಿ, ನಡುಮನೆಯ ಮೇಜಿನ ಮೇಲೆ ವಿದ್ಯುತ್ತನ್ನು ಕುಡಿಯಲು ಬಿಟ್ಟಿದ್ದೆನು. ಅದು ಅಲ್ಲಿ ನಿಶ್ಚಲವಾಗಿ ಮಲಗಿ, ತನ್ನ ಒಡತಿ ಕ್ಷೇಮವೆಂದು ತಿಳಿದಿದ್ದಿತು. ಹಳೆಯ ಅಭ್ಯಾಸದಿಂದ ಬಲಗೈ ಬೆರಳುಗಳನ್ನು ಕತ್ತಿನ ಮೇಲಿಟ್ಟು ನಾಡಿಯನ್ನು ನೋಡಿದೆನು. ಬಡಿಯುತ್ತಿದ್ದಿತು. ಆದರೆ ಎಣಿಸುವುದಕ್ಕೆ ಸೆಕೆಂಡಿನ ಮುಳ್ಳಿಲ್ಲ. ಐದೂವರೆಗೆ ಹಾಲಿನವಳು ಬಂದು ಬಾಗಿಲು ಬಡಿಯುವವರೆಗೆ ನೆಲದ ಮೇಲೆಯೇ ಇದ್ದೆನು. ನೋವಿಗಿಂತ ನೆಲದ ತಣ್ಪು ಹೆಚ್ಚಾಗಿ ನೆನಪಿನಲ್ಲಿದೆ.

ತಂಗಿಯ ಮಗಳು ಫೋನಿನಲ್ಲಿ ಅತ್ತಳು. ಆಮೇಲೆ, "ಎಲ್ಲರೂ ರಾತ್ರಿಯೇ ಚಾರ್ಜಿಗಿಡುವರು, ದೊಡ್ಡಮ್ಮ. ನಿದ್ದೆಯಲ್ಲಿರುವವರಿಗೆ ಗಡಿಯಾರವೇಕೆಂದು ನಾವು ಎಣಿಸುತ್ತೇವೆ" ಎಂದಳು. ನಿಜ, ಅವಳ ವಯಸ್ಸಿನವರು ಬೆಳಗಿನವರೆಗೂ ಏಳದೆ ಮಲಗುವರು. ಇಪ್ಪತ್ತು ವರ್ಷ ರಾತ್ರಿ ಪಾಳಿ ಮಾಡಿದ ನಾನು ಹೇಳುವೆನು: ವಾರ್ಡಿನಲ್ಲಿ ವೃದ್ಧರು ಬೀಳುತ್ತಿದ್ದುದು ಬಹುಮಟ್ಟಿಗೆ ರಾತ್ರಿಯಲ್ಲಿ, ಹಾಸಿಗೆಗೂ ಬಚ್ಚಲಿಗೂ ನಡುವೆ. ಕೀಲಿಯ ಗಡಿಯಾರವು ನನ್ನಿಂದ ದಿನಕ್ಕೆ ಅರ್ಧ ನಿಮಿಷವನ್ನು ಕೇಳುತ್ತಿದ್ದಿತು. ಇದು ಕೇಳುವುದು ಒಂದೆರಡು ಗಂಟೆಯಾದರೂ, ನನಗದು ಬೇಕಾದ ಹೊತ್ತಿನಲ್ಲಿಯೇ ಕೈಬಿಡುವಂತೆ ಅಭ್ಯಾಸಮಾಡಿಸಿತು. ಚರ್ಮದ ಮೇಲಿನ ಬೆಳಕಿಗಾಗಿ ಕಂಪೆನಿಗಳು ನ್ಯಾಯಸ್ಥಾನದಲ್ಲಿ ಹೊಡೆದಾಡಿವೆ. ಆಸ್ಪತ್ರೆಗಳಿಗೆ ಆಕ್ಸಿಜನ್ ಮಾಪಕಗಳನ್ನು ಒದಗಿಸುವ ಮಾಸಿಮೋ ಕಂಪೆನಿಯು ತಂದ ಪೇಟೆಂಟ್ ವ್ಯಾಜ್ಯದಿಂದಾಗಿ, ೨೦೨೪ರ ಜನವರಿಯಿಂದ ಅಮೆರಿಕದಲ್ಲಿ ಮಾರುವ ಗಡಿಯಾರಗಳಲ್ಲಿ ಆ್ಯಪಲ್ ಆ ಅಳತೆಯನ್ನು ನಿಲ್ಲಿಸಬೇಕಾಯಿತು. ಮರಳಿ ಬೇರೆ ರೀತಿಯಲ್ಲಿ ತಂದುದು ೨೦೨೫ರ ಆಗಸ್ಟಿನಲ್ಲಿ. ಗಡಿಯಾರವು ಕೈಯ ಮೇಲಿಲ್ಲದ ಗಂಟೆಗಳ ವಿಷಯವಾಗಿ ಯಾರೂ ವ್ಯಾಜ್ಯ ಹೂಡಿದ್ದನ್ನು ನಾನು ಕೇಳಿಲ್ಲ.

ಅದೇ ವರ್ಷ ಸತ್ತ ಪೆಬಲ್ಲಿಗೂ ಜೀವ ಬಂದಿತು. ಜನವರಿಯಲ್ಲಿ ಗೂಗಲ್ ಅದರ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು; ಮಿಜಿಕೋವ್ಸ್ಕಿಯು ಮರಳಿ ಬಂದು, ಒಮ್ಮೆ ತುಂಬಿದರೆ ಮೂವತ್ತು ದಿನ ನಡೆಯುವ ಗುಂಡಿಗಳ ಗಡಿಯಾರವನ್ನು ಮಾಡುವೆನೆಂದು ಮಾರ್ಚಿಯಲ್ಲಿ ಸಾರಿದನು. ನನಗೆ ತಡೆಯಲಾರದ ಆಸೆಯಾಯಿತು. ಆದರೆ ಬಿದ್ದವಳಿಗಾಗಿ ಕೂಗುವುದು ಪೆಬಲ್ ಎಂದೂ ಹೊತ್ತುಕೊಂಡ ಕೆಲಸವಲ್ಲ. ಕೂಗುವುದು ದಿನಕ್ಕೊಮ್ಮೆ ಕಳಚಬೇಕಾದುದು, ಕಳಚಬೇಕಾಗದುದು ಕೂಗದು. ಎರಡೂ ಬೇಕೆಂದರೆ ಇನ್ನೂ ಕಾಯಬೇಕೆಂದು ತಂಗಿಯ ಮಗಳು ಹೇಳುತ್ತಾಳೆ. ಕಾಯುವಷ್ಟು ಕಾಲ ನನ್ನ ಬಳಿ ಇದೆಯೇ ಎಂದು ನಾನು ಕೇಳಲಿಲ್ಲ.

ಕಟ್ಟು ಬಿಚ್ಚಿದ ಮೇಲೂ ಎಡಗೈ ಪಟ್ಟಿಯನ್ನು ಸಹಿಸದು. ಗಡಿಯಾರವನ್ನು ಬಲಗೈಗೆ ಬದಲಾಯಿಸಿದೆನು. ತಿರುಪು ಮುಂಗೈಗೆ ಒತ್ತುತ್ತಿದ್ದುದರಿಂದ ಗಡಿಯಾರವನ್ನೇ ತಿರುಗಿಸಿ ಕಟ್ಟಿ, ಮುಖವನ್ನು ತಲೆಕೆಳಗು ಮಾಡುವಂತೆ ಅದಕ್ಕೆ ಆಜ್ಞಾಪಿಸಿದೆನು, ಹಾಗೆಯೇ ಮಾಡಿತು. ತರಬೇತಿಯ ದಿನಗಳ ಎದೆಯ ಗಡಿಯಾರ ನೆನಪಾಗಿ ನಗು ಬಂದಿತು. ಈಗ ಅದನ್ನು ತೊಟ್ಟೇ ಮಲಗುವೆನು. ವಿದ್ಯುತ್ತನ್ನು ತುಂಬಲು ಸಂಜೆ ಆರರಿಂದ ಏಳರವರೆಗಿನ ಹೊತ್ತನ್ನು ಗೊತ್ತುಮಾಡಿದ್ದೇನೆ. ಎಚ್.ಎಂ.ಟಿ.ಗೆ ಕೀಲಿ ಕೊಟ್ಟು ಇದಿರಿಗಿಟ್ಟುಕೊಂಡು ವರ್ತಮಾನ ಪತ್ರಿಕೆಯನ್ನು ಓದುತ್ತೇನೆ. ಆ ಒಂದು ಗಂಟೆ, ಬಾಗಿಲಿಗೆ ಯಾರು ಬಂದರೂ, ನಾನು ಕುರ್ಚಿಯಿಂದ ಏಳುವುದಿಲ್ಲ.