ಗಡ್ಡೆ ತೆಗೆದ ಮೇಲೂ ಮಾತ್ರೆ ಏಕೆ?
ಸ್ತನ ಕ್ಯಾನ್ಸರ್ ಗಡ್ಡೆಯನ್ನು ಪೂರ್ತಿ ತೆಗೆದ ಮೇಲೂ ವರ್ಷಗಟ್ಟಲೆ ಹಾರ್ಮೋನ್ ಮಾತ್ರೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬಯಾಪ್ಸಿ ವರದಿಯಲ್ಲಿದೆ. ಈಸ್ಟ್ರೊಜೆನ್ ರಿಸೆಪ್ಟರ್ (ಆ ಹಾರ್ಮೋನನ್ನು ಹಿಡಿಯುವ, ಕೋಶದಲ್ಲಿನ ಗ್ರಾಹಕ) ನೆಗೆಟಿವ್ ಇದ್ದರೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ, ಚರ್ಚೆ ಅಲ್ಲಿಗೇ ಮುಗಿಯಿತು. ಪಾಸಿಟಿವ್ ಇದ್ದರೆ, ಸ್ಕ್ಯಾನಿಗೂ ಸಿಗದೆ ದೇಹದಲ್ಲೆಲ್ಲೋ ಉಳಿದಿರಬಹುದಾದ ಕೋಶಗಳು ಈಸ್ಟ್ರೊಜೆನ್‌ ಬಲದಿಂದಲೇ ಬೆಳೆಯುತ್ತವೆ. ಶಸ್ತ್ರಚಿಕಿತ್ಸೆ ಅವನ್ನು ಮುಟ್ಟಲಾರದು; ಆ ಬಲವನ್ನು ತಡೆಯುವುದೇ ಮಾತ್ರೆಯ ಕೆಲಸ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪಾಸಿಟಿವ್ ಇದ್ದವರು 5 ವರ್ಷ ಟ್ಯಾಮೊಕ್ಸಿಫೆನ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಂಡಾಗ, 15 ವರ್ಷಗಳ ಅವಧಿಯಲ್ಲಿ ಈ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತು.

ಆದರೆ ಆ ಮೂರನೇ ಒಂದು ಎಲ್ಲರಿಗೂ ಒಂದೇ ತೂಕದ್ದಲ್ಲ. ನೂರಕ್ಕೆ 30ರಷ್ಟು ಸಾವಿನ ಅಪಾಯವಿದ್ದವರಿಗೆ ಅದು 10ರ ಲಾಭ, 3 ಇದ್ದವರಿಗೆ ಬರೀ 1. ವೈದ್ಯರನ್ನು ಕೇಳಬೇಕಾದದ್ದು ಈ ಲೆಕ್ಕವನ್ನೇ: ನನ್ನ ಗಡ್ಡೆಗೆ, ನನ್ನ ವಯಸ್ಸಿಗೆ ನೂರಕ್ಕೆ ಎಷ್ಟು? ಇನ್ನು ಅಡ್ಡಪರಿಣಾಮ. ಮೈ ಬಿಸಿಯೇರುವುದು, ಕೀಲುನೋವು, ಕೆಲವು ಮಾತ್ರೆಗಳಿಂದ ಮೂಳೆ ಸವೆತ, ಟ್ಯಾಮೊಕ್ಸಿಫೆನ್‌ನಿಂದ ಅಪರೂಪಕ್ಕೆ ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು. ಲಾಭ ತೀರಾ ಚಿಕ್ಕದಿದ್ದಾಗ ಇದೆಲ್ಲ ಬೇಡವೆನ್ನುವ ಹೆಂಗಸನ್ನು ಮನೆಯವರು ಗದರುವುದು ತಪ್ಪು. ಅಪಾಯ ದೊಡ್ಡದಿದ್ದರೆ ಮಾತ್ರ, ಶುರುಮಾಡಿ ನೋಡುವುದೇ ಸರಿ ಎಂದು ನನಗನ್ನಿಸುತ್ತದೆ. ಒಗ್ಗದ ಮಾತ್ರೆಯನ್ನು ಬದಲಿಸಬಹುದು, ನಿಲ್ಲಿಸಲೂಬಹುದು. ಆದರೆ ದೂರದ ಅಂಗಗಳಿಗೆ ಹರಡಿದ ರೋಗವನ್ನು ಪೂರ್ತಿ ವಾಸಿಮಾಡುವುದು ಬಹುಪಾಲು ಸಾಧ್ಯವಿಲ್ಲ. ದಯವಿಟ್ಟು, ಸಂಕಟವಾದಾಗ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡಬೇಡಿ. ಮೊದಲು ನಿಮ್ಮ ವೈದ್ಯರಿಗೆ ಹೇಳಿ.