ಹಲಗೆಯ ಮೇಲೆ ನಿಂತ ಅಪ್ಪ

ನನ್ನ ಫೋನಿನಲ್ಲಿ 48 ಸೆಕೆಂಡಿನ ಒಂದು ವಿಡಿಯೊ ಇತ್ತು. ಕಳೆದ ದೀಪಾವಳಿಗೆ ತೆಗೆದದ್ದು. ಅದರಲ್ಲಿ ನಮ್ಮಪ್ಪ ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿಕೊಂಡು, ಹಾಲ್‌ನ ನಟ್ಟನಡುವೆ ಎರಡೂ ಕೈ ಚಾಚಿ ನಿಂತಿದ್ದಾರೆ. ಹಿಂದಿನಿಂದ ನಾವೆಲ್ಲ ನಗುವ ಸದ್ದು. ಫ್ಯಾಮಿಲಿ ಗ್ರೂಪ್‌ಗೆ ಹಾಕಿದ ಐದೇ ನಿಮಿಷದಲ್ಲಿ ನಗುವ ಇಮೋಜಿಗಳು ಸಾಲುಗಟ್ಟಿದ್ದವು. ಅವತ್ತೇ ರಾತ್ರಿ ಅದನ್ನು ಡಿಲೀಟ್ ಮಾಡಿದೆ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹೊಸ ಗ್ಯಾಜೆಟ್ ಅಂದರೆ ತಡೆದುಕೊಳ್ಳಲಾಗದ ಜಾತಿ. ಅಮೆರಿಕದಿಂದ ರಜೆಗೆ ಬಂದ ಗೆಳೆಯನ ಕೈಲಿ ಕ್ವೆಸ್ಟ್ 2 ತರಿಸಿಕೊಂಡಿದ್ದೆ. ಸುಮಾರು ಅರ್ಧ ಕೆಜಿ ತೂಕದ ಬಿಳಿ ಡಬ್ಬ. ಕಂಪ್ಯೂಟರ್ ಬೇಡ, ವೈರ್ ಬೇಡ. ತಲೆಗೆ ಕಟ್ಟಿಕೊಂಡು ಕೈಗೊಂದು ಕಂಟ್ರೋಲರ್ ಹಿಡಿದರೆ ಆಯಿತು, ನಮ್ಮ ಹಾಲ್ ಮಾಯವಾಗಿ ಬೇರೆಯದೇ ಲೋಕ. ಹಬ್ಬಕ್ಕೆ ಅರಸೀಕೆರೆ ಕಡೆಯಿಂದ ಅಪ್ಪ ಅಮ್ಮ, ಮೈಸೂರಿಂದ ಅಕ್ಕ, ಭಾವ ಬಂದಿದ್ದರು. ಒಬ್ಬಟ್ಟಿನ ಊಟ ಮುಗಿದ ಮೇಲೆ ಡಬ್ಬ ಹೊರಗೆ ಬಂತು.

ಮೊದಲು ಕಟ್ಟಿಕೊಂಡವಳು ನನ್ನ ಹೆಂಡತಿ. ರೋಲರ್ ಕೋಸ್ಟರ್ ಬೇಕು ಅಂದಳು. ಎರಡೇ ನಿಮಿಷ. ಹೆಡ್‌ಸೆಟ್ ಕಿತ್ತು ಸೋಫಾ ಮೇಲೆ ಒರಗಿದವಳು, "ಒಬ್ಬಟ್ಟು ವಾಪಸ್ ಬರತ್ತೆ, ಯಾರೂ ಮಾತಾಡಿಸ್ಬೇಡಿ" ಅಂದಳು. ಇದಕ್ಕೆ ಕಾರಣ ಸರಳ. ಶಿರಾಡಿ ಘಾಟಿಯಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡುತ್ತಾ ಕೂತರೆ ಒಳಕಿವಿಗೆ ತಿರುವು ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ವಿಆರ್‌ನಲ್ಲಿ ಉಲ್ಟಾ. ಕಣ್ಣು "ಬಿದ್ದೆ, ಬಿದ್ದೆ" ಅನ್ನುತ್ತದೆ, ಕಿವಿ "ಎಲ್ಲಿ ಬಿದ್ದೆ? ಸೋಫಾ ಮೇಲೇ ಇದ್ದೀಯಲ್ಲ" ಅನ್ನುತ್ತದೆ. ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ.

ಆಮೇಲೆ ಭಾವ ಬಾಕ್ಸಿಂಗ್ ಆಡಿದರು. ಸುತ್ತ ಎಷ್ಟು ಜಾಗ ಇದೆ ಅಂತ ಮೊದಲೇ ಗೆರೆ ಎಳೆದುಕೊಡಬೇಕು, ಗೆರೆ ಹತ್ತಿರ ಬಂದರೆ ಕಣ್ಣೆದುರು ಬಲೆ ಥರ ಕಾಣಿಸಿ ಎಚ್ಚರಿಸುತ್ತದೆ. ಭಾವ ಆವೇಶದಲ್ಲಿ ಬಲೆಯನ್ನೂ ಲೆಕ್ಕಿಸದೆ ಶೋಕೇಸ್‌ಗೇ ಒಂದು ಗುದ್ದು ಕೊಟ್ಟರು. ಎಂಟು ವರ್ಷದ ಅಕ್ಕನ ಮಗ "ನಂಗೂ, ನಂಗೂ" ಅಂತ ಹಟ ಹಿಡಿದ. ಕೊಡಲಿಲ್ಲ. ಮೊದಲು 13 ವರ್ಷ ಆಗಿರಬೇಕು ಅಂತಿದ್ದ ನಿಯಮವನ್ನು ಕಂಪನಿಯವರು 2023ರಲ್ಲಿ 10ಕ್ಕೆ ಇಳಿಸಿದ್ದಾರೆ. ಇವನಿಗೆ ಅದೂ ಆಗಿರಲಿಲ್ಲ.

ಅವತ್ತಿನ ಸ್ಟಾರ್ ಅಮ್ಮ. ಅವರಿಗೆ ಬೀಟ್ ಸೇಬರ್ ಹಾಕಿಕೊಟ್ಟೆ. ಹಾಡಿನ ತಾಳಕ್ಕೆ ಸರಿಯಾಗಿ ಕೆಂಪು, ನೀಲಿ ಬಣ್ಣದ ಚೌಕಗಳು ಎದುರಿಗೆ ತೇಲಿಬರುತ್ತವೆ, ಎರಡು ಕೈಯಲ್ಲಿರುವ ಬೆಳಕಿನ ಕತ್ತಿಯಿಂದ ಕತ್ತರಿಸಬೇಕು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಮೊದಲ ಹಾಡಿಗೆ ತಡವರಿಸಿದರು. ಎರಡನೇ ಹಾಡಿಗೆ "ಅಯ್ಯೋ, ಇದು ಕೋಲಾಟ ಕಣೋ!" ಅಂದವರೇ ಹೆಜ್ಜೆ ಹಾಕಲು ಶುರು ಮಾಡಿದರು. ಸ್ಕೂಲಲ್ಲಿ ಕೋಲಾಟದ ತಂಡದಲ್ಲಿದ್ದರಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಅಪ್ಪನ ಸರದಿ. ಅವರು "ನಂಗ್ಯಾಕೋ ಅದೆಲ್ಲ" ಅಂದರು. ನಾವು ಬಿಡಲಿಲ್ಲ. ಅವರಿಗೆ ಅಂತ ನಾನು ಆರಿಸಿದ್ದು ಹಲಗೆ ಆಟ. ನೀವೂ ರೀಲ್ಸ್‌ನಲ್ಲಿ ನೋಡಿರುತ್ತೀರಿ. ಲಿಫ್ಟ್ ಹತ್ತಿ ಗಗನಚುಂಬಿ ಕಟ್ಟಡದ ಮೇಲಕ್ಕೆ ಹೋಗುತ್ತೀರಿ. ಬಾಗಿಲು ತೆರೆದರೆ ಎದುರಿಗೆ ಗಾಳಿಯಲ್ಲಿ ಚಾಚಿಕೊಂಡಿರುವ ಒಂದು ಹಲಗೆ. ಅದರ ಮೇಲೆ ನಡೆಯಬೇಕು, ಅಷ್ಟೆ. ಹಳೇ ಶೆಲ್ಫಿನ ಹಲಗೆಯೊಂದನ್ನು ತಂದು, ಮ್ಯಾಟ್ ಮೇಲೆ ಸ್ವಲ್ಪ ಅಲುಗಾಡುವ ಹಾಗೆ ಇಟ್ಟೆ. ಕಾಲಿಗೂ ನಿಜವಾದ ಹಲಗೆ ಸಿಕ್ಕರೆ ಮಜಾ ಜಾಸ್ತಿ ಅಂತ.

ಅಪ್ಪ 31 ವರ್ಷ ಲೈನ್‌ಮ್ಯಾನ್ ಆಗಿದ್ದವರು. ಮಳೆಗಾಲದ ನಡುರಾತ್ರಿ ಕಂಬ ಹತ್ತಿ ಊರಿಗೆ ಕರೆಂಟ್ ಕೊಟ್ಟವರು. "ಇವರಿಗೆಲ್ಲಿ ಎತ್ತರದ ಭಯ? ಸಲೀಸಾಗಿ ನಡೆದುಬಿಡ್ತಾರೆ ನೋಡಿ" ಅಂತ ಭಾವನಿಗೆ ಹೇಳಿದೆ. ಫೋನ್ ತೆಗೆದು ರೆಕಾರ್ಡ್ ಒತ್ತಿದೆ.

ಲಿಫ್ಟ್ ಬಾಗಿಲು ತೆರೆಯಿತು. ಅಪ್ಪ ಒಂದು ಹೆಜ್ಜೆ ಇಟ್ಟರು. ಹಲಗೆ ಅಲುಗಿತು. ಎರಡನೇ ಹೆಜ್ಜೆಗೆ ಕೆಳಗೆ ನೋಡಿದರು. ಹಾಗೇ ನಿಂತುಬಿಟ್ಟರು. ಕೈ ಚಾಚಿಕೊಂಡು, ಏನೋ ಹಿಡಿಯಲು ಹುಡುಕುವ ಹಾಗೆ. ನಾವು ನಗುತ್ತಿದ್ದೆವು. "ನಡೀರಿ ಮಾವ, ಮುಂದೆ ನಡೀರಿ" ಅಂತ ಭಾವ ಹುರಿದುಂಬಿಸುತ್ತಿದ್ದರು. ಅಪ್ಪ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಮಗೆ ಇನ್ನೂ ನಗು. ಎದ್ದುಹೋಗಿ ಹೆಡ್‌ಸೆಟ್ ತೆಗೆದದ್ದು ಅಮ್ಮ. ಅಪ್ಪನ ಹಣೆ, ಕುತ್ತಿಗೆ ಎಲ್ಲ ಬೆವರು. "ಚೆನ್ನಾಗಿದೆ, ಚೆನ್ನಾಗಿದೆ" ಅಂತ ಹೇಳಿ ರೂಮಿಗೆ ಹೋದರು. ನಾನು ವಿಡಿಯೊವನ್ನು ಗ್ರೂಪ್‌ಗೆ ಹಾಕಿದೆ.

ರಾತ್ರಿ ಊಟ ಬೇಡ ಅಂದರು. ಹಾಲು ತೆಗೆದುಕೊಂಡು ಟೆರೇಸ್‌ಗೆ ಹೋದೆ. ದೂರದಲ್ಲಿ ಪಟಾಕಿ ಸಿಡಿಯುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು. "ಬಸ್ ಸ್ಟ್ಯಾಂಡ್ ಹತ್ರ ಪೆಟ್ಟಿಗೆ ಅಂಗಡಿ ಇಟ್ಕೊಂಡಿದ್ನಲ್ಲ, ಜ್ಞಾಪಕ ಇದಾನಾ?"

ಇದ್ದ. ನಾವು ಹುಡುಗರು ಅವನನ್ನು ಮಾಮ ಅಂತಿದ್ದೆವು. ಪೆಪ್ಪರ್‌ಮೆಂಟ್ ಕೇಳಿದರೆ ಎದ್ದು ಕೊಡುತ್ತಿರಲಿಲ್ಲ, "ಡಬ್ಬ ಅಲ್ಲೇ ಐತೆ, ನೀನೇ ತಗೊ" ಅನ್ನುತ್ತಿದ್ದ. ನನ್ನ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಸೋಮಾರಿ, ಆದರೆ ಒಳ್ಳೆಯವನು ಅಂದುಕೊಂಡಿದ್ದೆ.

"ಅವನು ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಮಳೆ ಬಂದು ನಿಂತಿತ್ತು. ನಾನೊಂದು ಕಂಬದ ಮೇಲೆ, ಅವನು ಪಕ್ಕದ ಕಂಬದ ಮೇಲೆ. ಎರಡು ನಿಮಿಷದ ಕೆಲಸ ಅಂತ ಬೆಲ್ಟ್ ಹಾಕ್ಕೊಂಡಿರಲಿಲ್ಲ. ಸದ್ದು ಕೇಳಿ ನೋಡಿದ್ರೆ ಕೆಳಗೆ ಬಿದ್ದಿದ್ದ, ನನ್ನನ್ನೇ ನೋಡ್ತಾ ಇದ್ದ. ನಾನು ಇಳೀಬೇಕಿತ್ತಲ್ಲ. ಕೈಕಾಲು ಬರಲಿಲ್ಲ ಕಣೋ. ಎಷ್ಟು ಹೊತ್ತು ಮೇಲೇ ನಿಂತಿದ್ನೋ ಗೊತ್ತಿಲ್ಲ." ಹಾಲು ಆರಿಹೋಗಿತ್ತು. "ಅವನ ಸೊಂಟ ಹೋಯ್ತು. ನಾನು ಮಾರನೇ ವಾರ ಮತ್ತೆ ಕಂಬ ಹತ್ತಿದೆ. ಹತ್ತಲೇಬೇಕಲ್ಲ. ಇವತ್ತು ಆ ಹಲಗೆ ಮೇಲಿಂದ ಕೆಳಗೆ ನೋಡಿದಾಗ..."

ಮಾತು ಅಲ್ಲಿಗೇ ನಿಲ್ಲಿಸಿದರು. ನನಗೆ ಮುಂದಿನದು ಬೇಕಾಗಿರಲಿಲ್ಲ. 31 ವರ್ಷ ಅಪ್ಪನಿಗೆ ಭಯ ಇರಲಿಲ್ಲ ಅಂತಲ್ಲ. ಭಯ ಇಟ್ಟುಕೊಂಡೇ ಹತ್ತುತ್ತಿದ್ದರು.

ಎಲ್ಲರೂ ಮಲಗಿದ ಮೇಲೆ ಹಾಲ್‌ನಲ್ಲಿ ಒಬ್ಬನೇ ಹೆಡ್‌ಸೆಟ್ ಕಟ್ಟಿಕೊಂಡು ಅದೇ ಹಲಗೆಯ ಮೇಲೆ ನಿಂತೆ. ಕಾಲಡಿಯಲ್ಲಿ ಟೈಲ್ಸ್ ಇದೆ ಅಂತ ಗೊತ್ತು. ಈ ಕೋಡ್ ಹೇಗೆ ಕೆಲಸ ಮಾಡುತ್ತದೆ ಅಂತಲೂ ಗೊತ್ತು. ಆದರೂ ಮೊಣಕಾಲು ನಡುಗಿತು. ಅವತ್ತು ಸಂಜೆ ನಾವು ನೋಡಿದ್ದು ಟಿವಿಯಲ್ಲಿ. ಹೆಡ್‌ಸೆಟ್‌ನೊಳಗಿನ ದೃಶ್ಯವನ್ನು ಟಿವಿಗೆ ಹಾಕಿದ್ದೆ. ಅಲ್ಲಿ ಅದು ಬರೀ ಕಾರ್ಟೂನ್ ಥರ ಚಪ್ಪಟೆ ಚಿತ್ರ, ಹಾಗಾಗಿ ನಗು. ಒಳಗಿರುವವರಿಗೆ ಹಾಗಲ್ಲ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಸ್ವಲ್ಪ ಬೇರೆ ಬೇರೆ ಚಿತ್ರ ಹೋಗುವುದರಿಂದ ಆಳ ನಿಜವಾಗಿ ಆಳವಾಗಿಯೇ ಕಾಣುತ್ತದೆ. ತಲೆ ಅಲುಗಿಸಿದರೆ ಸುಮಾರು 20 ಮಿಲಿಸೆಕೆಂಡಿನೊಳಗೆ ದೃಶ್ಯವೂ ತಿರುಗಬೇಕು ಅನ್ನುವುದು ನಮ್ಮ ಕ್ಷೇತ್ರದವರ ಗುರಿ. ಮೆದುಳಿಗೆ ಅನುಮಾನ ಬರಬಾರದು ಅಂತಲೇ ಇಷ್ಟೆಲ್ಲ ಕಷ್ಟಪಡುತ್ತೇವೆ. ಹಾಗೆ ನಂಬಿಸಿದ ಮೇಲೆ, ನಂಬಿದವರನ್ನು ನೋಡಿ ನಗುವುದು ಯಾವ ನ್ಯಾಯ?

ವಿಡಿಯೊ ಡಿಲೀಟ್ ಮಾಡಿದೆ. ಗ್ರೂಪ್‌ನಲ್ಲೂ ಎಲ್ಲರಿಗೂ ಅಳಿಸಿದೆ.

ಆಮೇಲೆ ಇದರ ಬಗ್ಗೆ ಓದಿದಾಗ ಒಂದು ವಿಷಯ ಸಿಕ್ಕಿತು. 1995ರಲ್ಲೇ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾಥ್‌ಬಾಮ್ ಮತ್ತು ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಹಾಜಸ್ ಅವರ ತಂಡ ಎತ್ತರದ ಭಯ ಇರುವ ವಿದ್ಯಾರ್ಥಿಗಳಿಗೆ ವಿಆರ್ ಮೂಲಕ ಚಿಕಿತ್ಸೆ ಕೊಟ್ಟು, ಅದರಿಂದ ಭಯ ಕಡಿಮೆಯಾದದ್ದನ್ನು ಪ್ರಕಟಿಸಿತ್ತು. ಎತ್ತರ ಅದೇ, ಕಣ್ಣಿಗೆ ಕಟ್ಟುವ ಡಬ್ಬವೂ ಹೆಚ್ಚುಕಮ್ಮಿ ಅದೇ. ಆದರೆ ಅಲ್ಲಿ ಮೊದಲ ದಿನವೇ ಮೇಲಕ್ಕೆ ಒಯ್ದು ನಿಲ್ಲಿಸುವುದಿಲ್ಲ. ಕಡಿಮೆ ಎತ್ತರದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಚಿಕಿತ್ಸೆ ಕೊಡುವವರು ಪಕ್ಕದಲ್ಲೇ ಇರುತ್ತಾರೆ. ಸಾಕು ಅಂದರೆ ಸಾಕು. ನಾನು ಇದೆಲ್ಲದರ ಉಲ್ಟಾ ಮಾಡಿದ್ದೆ.

ನಿಮ್ಮ ಮನೆಗೂ ಈ ಡಬ್ಬ ಬಂದಿದ್ದರೆ, ಅಥವಾ ಮಾಲ್‌ನ ಗೇಮ್ ಝೋನ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಿದ್ದರೆ, ನನ್ನ ತಪ್ಪಿನಿಂದ ಕಲಿತ ನಾಲ್ಕು ಮಾತು. ಮೊದಲ ಸಲ ಕುರ್ಚಿಯಲ್ಲಿ ಕೂರಿಸಿಯೇ ತೋರಿಸಿ. ರೋಲರ್ ಕೋಸ್ಟರ್, ಎತ್ತರ, ದೆವ್ವ ಇವುಗಳಿಂದ ಶುರು ಮಾಡಬೇಡಿ. ಒಳಗೆ ಏನು ಕಾಣಿಸಲಿದೆ ಅಂತ ಮೊದಲೇ ಹೇಳಿ, "ಭಯ ಆದ್ರೆ ಕಣ್ಣು ಮುಚ್ಕೊಳ್ಳಿ, ನಾನು ತೆಗೀತೀನಿ" ಅಂತಲೂ ಹೇಳಿ. ಮುಖ್ಯವಾಗಿ, ನಿಮ್ಮ ಕೈಯಲ್ಲಿ ಫೋನ್ ಇರುವುದು ಬೇಡ. ಹೆಡ್‌ಸೆಟ್ ಕಟ್ಟಿಕೊಂಡವರಿಗೆ ನಾವು ಕಾಣುವುದಿಲ್ಲ, ಅವರು ಅಲ್ಲಿ ಒಬ್ಬರೇ. ಹೊರಗಿರುವವರ ಕೈ ಅವರ ಹೆಗಲ ಮೇಲಿರಬೇಕು.

ಯುಗಾದಿಗೆ ಅಪ್ಪ ಮತ್ತೆ ಬಂದಿದ್ದರು. ಡಬ್ಬವನ್ನು ನಾನು ಅಟ್ಟಕ್ಕೆ ಸೇರಿಸಿದ್ದೆ. ಹೋಳಿಗೆ ತಿಂದು ಕೈ ತೊಳೆದುಕೊಂಡು ಬಂದವರು, "ಅದೆಲ್ಲಿಟ್ಟಿದೀಯ? ತಾ" ಅಂದರು.

"ಬೇಡ ಬಿಡಿ ಅಪ್ಪ. ಕಾಶಿ ತೋರಿಸ್ತೀನಿ, ಗಂಗೆ ಘಾಟ್ ಚೆನ್ನಾಗಿ ಕಾಣತ್ತೆ."

"ಕಾಶಿ ಆಮೇಲೆ. ಹಲಗೆ ಹಾಕು."

ನಾನು ಡಾಕ್ಟರ್ ಅಲ್ಲ, ಇದು ಚಿಕಿತ್ಸೆಯೂ ಅಲ್ಲ. ಹಾಕಲೋ ಬೇಡವೋ ಅಂತ ಅಮ್ಮನ ಮುಖ ನೋಡಿದೆ. ಅಮ್ಮ ಹೂಂ ಅಂದರು. ಈ ಸಲ ಶೆಲ್ಫಿನ ಹಲಗೆ ತರಲಿಲ್ಲ, ಟಿವಿಗೂ ಹಾಕಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಹೆಡ್‌ಸೆಟ್ ಕಟ್ಟಿ, ಅವರ ಎಡಗೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಲಿಫ್ಟ್ ಮೇಲೆ ಹೋದದ್ದು ನನಗೆ ಅವರ ಹಿಡಿತದಲ್ಲೇ ಗೊತ್ತಾಯಿತು. ಬಾಗಿಲು ತೆರೆದಾಗ ಹಿಡಿತ ಇನ್ನೂ ಬಿಗಿಯಾಯಿತು. ಅಪ್ಪ ಹಲಗೆಯ ಮೇಲೆ ಹೋಗಲಿಲ್ಲ. ಲಿಫ್ಟಿನೊಳಗಿಂದಲೇ ಸ್ವಲ್ಪ ಬಾಗಿ ಕೆಳಗೆ ನೋಡಿದರು. ತುಂಬಾ ಹೊತ್ತು ನೋಡಿದರು. ಬೆರಳುಗಳು ಸ್ವಲ್ಪ ಸ್ವಲ್ಪವೇ ಸಡಿಲವಾದವು.

"ಇದಕ್ಕೆ ಬೆಲ್ಟೇ ಇಲ್ವಲ್ಲೋ" ಅಂದರು.

"ಇಲ್ಲ ಅಪ್ಪ."

"ಹಾಕಿಸ್ಬೇಕು ಕಣೋ. ನಿಮ್ಮ ಕಂಪ್ಯೂಟರ್‌ನೋರಿಗೆ ಹೇಳು."

ತಾವೇ ಹೆಡ್‌ಸೆಟ್ ತೆಗೆದು, ಕರವಸ್ತ್ರದಿಂದ ಅದರ ಗಾಜನ್ನು ಒರೆಸಿ ನನ್ನ ಕೈಗೆ ಕೊಟ್ಟರು. "ಸಾಕು. ಅಮ್ಮಂಗೆ ಆ ಕೋಲಾಟ ಹಾಕ್ಕೊಡು. ಆವತ್ತು ನಾನು ಸರಿಯಾಗಿ ನೋಡ್ಲಿಲ್ಲ."